ತಂಗಿಗಿಂತ ಮೊದಲು

ಗರ್ಭಕೋಶದ ಗಡ್ಡೆ ತೆಗೆಸಿಕೊಂಡು ಮಲಗಿದ್ದ ಅಕ್ಕನಿಗೆ ಆಪರೇಷನ್ನಿಗೆಂದು ಹೊಟ್ಟೆಗೆ ಹಾಕಿದ್ದ ಮೂರು ತೂತುಗಳಿಗಿಂತ ಹೆಚ್ಚು ಉರಿ ತರಿಸುತ್ತಿದ್ದವಳು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ತಂಗಿ. ಇದೇ ಆಸ್ಪತ್ರೆಯಲ್ಲಿ, ಇದೇ ಡಾಕ್ಟರ ಕೈಯಲ್ಲಿ ತಂಗಿಗೆ ಹೋದ ವರ್ಷ ಇದೇ ಆಪರೇಷನ್ ಆಗಿತ್ತು. ಮಾರನೇ ದಿನವೇ ಮನೆಗೆ ಹೋಗಿ ಮಹಡಿ ಮೆಟ್ಟಿಲು ಹತ್ತಿದ್ದಳು. ಅಂದಿನಿಂದ ಅಮ್ಮನ ಬಾಯಲ್ಲಿ ಅದೇ ಪುರಾಣ.

“ಹೆಗಲು ಹಿಡ್ಕೊಂಡಿದೆ,” ಎಂದಳು ಅಕ್ಕ.

“ಆಪರೇಷನ್ ಮಾಡೋವಾಗ ಹೊಟ್ಟೆಗೆ ಗ್ಯಾಸ್ ತುಂಬಿರ್ತಾರಲ್ಲಕ್ಕಾ, ಅದಕ್ಕೇ. ನಂಗೂ ಇತ್ತು. ನಾನೇನು ಇಷ್ಟು ನರಳಲಿಲ್ಲಪ್ಪ.”

ಅಕ್ಕ ಹಲ್ಲು ಕಚ್ಚಿದಳು.

ಬೆಳಿಗ್ಗೆ ನರ್ಸ್ ಬಂದು, “ಕೆಳಗಿಂದ ಗಾಳಿ ಹೋಯ್ತಾ ಅಮ್ಮಾ? ಹೋಗಿದ್ರೆ ತಿನ್ನೋಕೆ ಕೊಡ್ತೀವಿ. ಸಂಜೆ ಮನೆಗೆ ಹೋಗ್ಬಹುದು,” ಎಂದಳು.

“ನಂಗೆ ಇಷ್ಟು ಹೊತ್ತಿಗೆಲ್ಲ ಹೋಗಿತ್ತು,” ಎಂದಳು ತಂಗಿ, ಯಾರೂ ಕೇಳದಿದ್ದರೂ.

“ನಂಗೂ ಹೋಯ್ತು,” ಎಂದುಬಿಟ್ಟಳು ಅಕ್ಕ.

ಹಸಿ ಸುಳ್ಳು. ಬ್ರೆಡ್ಡು, ಹಾಲು ಬಂತು. ತಂಗಿಯ ಕಣ್ಣೆದುರೇ ತಟ್ಟೆ ಖಾಲಿ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ಉಸಿರೆಳೆಯುವುದೂ ಕಷ್ಟವಾಯಿತು. ಮನೆಗೆ ಕಳಿಸುವ ಮುನ್ನ ನೋಡಲು ಬಂದ ಡಾಕ್ಟರು ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, ಸ್ಟೆತಾಸ್ಕೋಪ್ ಇಟ್ಟು ಕೇಳಿದರು. “ನಿಜ ಹೇಳಿ. ಗಾಳಿ ಹೋಗಿತ್ತಾ?”

ಅಕ್ಕ ಗೋಡೆಯ ಕಡೆ ತಿರುಗಿದಳು. “ಇಲ್ಲ.”

“ಹಾಗಾದ್ರೆ ಇವತ್ತು ಮನೆ ಮಾತೇ ಬೇಡ. ಏನೂ ತಿನ್ನಬೇಡಿ. ಎದ್ದು ಓಡಾಡಿ.”

ಡಾಕ್ಟರು ಹೋದ ಮೇಲೆ ತಂಗಿ ಕಣ್ಣರಳಿಸಿದಳು. “ಯಾಕಕ್ಕಾ ಸುಳ್ಳು ಹೇಳ್ದೆ?”

“ನೀನೇ ಗೆದ್ದೆ ಬಿಡು. ಅಮ್ಮನಿಗೆ ಹೇಳಿ ಕುಣಿದಾಡು.”

“ಇದೇನು ಓಟದ ಪಂದ್ಯಾನಾ? ಏಳು, ಏಳು.”

ತಂಗಿ ಬಗಲಿಗೆ ಕೈ ಕೊಟ್ಟು ಎಬ್ಬಿಸಿದಳು. ವಾರ್ಡಿನ ಉದ್ದಕ್ಕೂ ಇಬ್ಬರೂ ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ನಡೆದರು. ಅಕ್ಕ ಬಗ್ಗಿಕೊಂಡು ನಡೆಯುತ್ತಿದ್ದಳು. ತಂಗಿಯ ನೆಟ್ಟಗಿನ ಬೆನ್ನು ಕಂಡರೂ ಅವಳಿಗೆ ಹೊಟ್ಟೆಕಿಚ್ಚು.

ನರ್ಸುಗಳ ಮೇಜಿನ ಮುಂದೆ ಬಂದಾಗ ಅದು ಆಯಿತು. ಮುಚ್ಚಿಡುವ ಮಾತೇ ಇರಲಿಲ್ಲ. ನರ್ಸುಗಳು ತಲೆಯೆತ್ತಿದರು. ಹಾಸಿಗೆಯೊಂದರಿಂದ ಯಾರೋ ಕಿಸಕ್ಕನೆ ನಕ್ಕರು.

“ಸಿಸ್ಟರ್, ನಮ್ಮಕ್ಕಂದು ಆಯ್ತು!” ತಂಗಿ ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು.

ಅಕ್ಕ ಅವಳ ತೋಳು ಜಗ್ಗಿ ಪಿಸುಗುಟ್ಟಿದಳು. “ಏ, ನಿಂದು ಇಷ್ಟು ಜೋರಾಗಿತ್ತಾ?”

“ಎಲ್ಲಿಂದ ಬರ್ಬೇಕಕ್ಕಾ! ನಂದು ನಂಗೇ ಕೇಳಿಸಿರಲಿಲ್ಲ.”

ಅಕ್ಕ ನೆಟ್ಟಗಾಗಲು ನೋಡಿದಳು. ಪೂರ್ತಿ ಆಗಲಿಲ್ಲ. ಆದರೂ ಇನ್ನೊಂದು ಸುತ್ತು ಹಾಕಲು ಅವಳೇ ಮುಂದೆ ಹೊರಟಳು.