ಅಕ್ಕ ಗೆದ್ದ ಡೇಲಿಯಾ

ಕೇರಿಯವರಿಗೆಲ್ಲ ಅವಳು ಟೈಲರಮ್ಮ. ಮನೆಯ ತಾರಸಿಯ ಮೇಲೆ ಕುಂಡಗಳಲ್ಲಿ ಡೇಲಿಯಾ ಬೆಳೆಸುತ್ತಿದ್ದಳು. ಬೆಳೆಸುವುದಷ್ಟೇ ಅಲ್ಲ, ಹೊಸ ಬಣ್ಣ ಹುಟ್ಟಿಸುವ ಹುಚ್ಚು ಬೇರೆ. ಹೊಲಿಗೆ ಯಂತ್ರದ ಧೂಳು ತೆಗೆಯುವ ಕುಂಚದಿಂದಲೇ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿ, ಬೀಜ ಕಟ್ಟಿಸಿ, ಬಿತ್ತಿ ಕಾಯುವಳು. ಅರಳಿದ್ದೆಲ್ಲ ಸಪ್ಪೆ. ಎಂಟನೆಯ ವರ್ಷ ಮಾತ್ರ ಒಂದು ಗಿಡ ಕೈಹಿಡಿಯಿತು: ಎಸಳಿನ ಒಳಮೈ ಬೂದಿ ಬೆರೆತ ನೇರಳೆ, ಹೊರಮೈ ಹಾಲುಬಿಳಿ.

ಮೊದಲು ತೋರಿಸಿದ್ದು ಕೆಳಮನೆಯಲ್ಲಿದ್ದ ಸ್ವಂತ ಅಕ್ಕನಿಗೆ. ಅಕ್ಕ ನಿವೃತ್ತ ಹೆಡ್‌ಮಿಸ್ಟ್ರೆಸ್.

"ಯಾರಿಗೂ ಹೇಳ್ಬೇಡ. ಮುಂದಿನ ವರ್ಷಾನೂ ಇದೇ ಬಣ್ಣ ಬಂದ್ರೆ ಪ್ರದರ್ಶನಕ್ಕೆ ಇಡ್ತೀನಿ."

"ನಾನ್ಯಾಕೆ ಹೇಳ್ಲಿ?" ಎಂದಳು ಅಕ್ಕ.

ಮರುವರ್ಷ ಮೊಗ್ಗು ಬಿಡುವ ಹೊತ್ತಿಗೆ ತಂಗಿಗೆ ಪಿತ್ತಕೋಶದ ಆಪರೇಷನ್ ಆಯಿತು. ಗಾಯ ಮಾಯದೆ ಮೂರು ವಾರ ಆಸ್ಪತ್ರೆ. ತಾರಸಿಯ ಬೀಗದ ಕೈ ಅಕ್ಕನಿಗೆ ಕೊಟ್ಟಿದ್ದಳು. ಅಕ್ಕ ದಿನಾ ಊಟ ತರುತ್ತಿದ್ದಳು. ಹೂವಿನ ಮಾತೆತ್ತಿದರೆ, "ಚೆನ್ನಾಗಿದೆ, ನೀನು ಸುಮ್ನೆ ಮಲ್ಕೋ" ಎನ್ನುತ್ತಿದ್ದಳು.

ಮನೆಗೆ ಹೊರಡುವ ದಿನ ನರ್ಸ್ ಪೇಪರ್ ತಂದು ತೋರಿಸಿದಳು. "ಇವರು ನಿಮ್ಮಕ್ಕ ಅಲ್ವಾ?"

ಚಿತ್ರದಲ್ಲಿ ಅಕ್ಕ, ಕೈಯಲ್ಲಿ ಗೆದ್ದ ಕಪ್, ಪಕ್ಕದಲ್ಲಿ ಆ ನೇರಳೆ ಹೂವು. ಮೊದಲ ಬಹುಮಾನ. ಹೂವಿಗೆ ಅಕ್ಕನ ಮೊಮ್ಮಗಳ ಹೆಸರು. ಕೆಳಗೆ ಅಕ್ಕನ ಮಾತು: "ಎಂಟು ವರ್ಷದ ಶ್ರಮ. ಹೊಲಿಗೆ ಯಂತ್ರದ ಕುಂಚದಿಂದ ಪರಾಗ ಸವರುತ್ತಿದ್ದೆ."

ಸೂಜಿಗೆ ದಾರ ಪೋಣಿಸಲೂ ಬಾರದವಳು ಅಕ್ಕ. ತಂಗಿ ಆ ಸಾಲನ್ನು ಮೂರು ಸಲ ಓದಿದಳು.

ಅಕ್ಕ ಆಟೋ ತಂದಳು. ತಂಗಿಯ ಮಡಿಲಲ್ಲಿದ್ದ ಪೇಪರ್ ನೋಡಿ ಅಕ್ಕನೇ ಬಾಯಿಬಿಟ್ಟಳು.

"ಬೆಳೆಸಿದವರೇ ಬಂದು ನಿಲ್ಬೇಕು ಅಂದ್ರು ಪ್ರದರ್ಶನದವ್ರು. ನೀನು ಹಾಸಿಗೆ ಹಿಡಿದಿದ್ದೆ. ಹೂವು ಬಾಡೋಗ್ತಿತ್ತು."

"ಕುಂಚದ ಮಾತು?"

"ಹೇಗೆ ಮಾಡಿದ್ರಿ ಅಂತ ಕೇಳಿದ್ರು. ಏನಾದ್ರೂ ಹೇಳ್ಬೇಕಲ್ಲ."

"ನನ್ನ ಹೆಸರು ಹೇಳ್ಬಹುದಿತ್ತು."

ಅಕ್ಕ ರಸ್ತೆಯ ಕಡೆ ಮುಖ ತಿರುಗಿಸಿದಳು. "ರಿಟೈರ್ ಆದ್ಮೇಲೆ ನನ್ನನ್ನ ಯಾರು ಕೇಳ್ತಾರೆ? ಅವತ್ತು ನನ್ನ ಹಳೇ ವಿದ್ಯಾರ್ಥಿಗಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಕಣೇ."

ಗೋಡೆ ಹಿಡಿದು ತಂಗಿ ತಾರಸಿ ಹತ್ತಿದಳು. ಕುಂಡದಲ್ಲಿ ಮೋಟು ಮಾತ್ರ ಉಳಿದಿತ್ತು. ಕೇಳಿದವರಿಗೆಲ್ಲ ಅಕ್ಕ, ನೆಟ್ಟು ಬೆಳೆಸಿಕೊಳ್ಳಲಿ ಎಂದು ಕುಡಿ ಕತ್ತರಿಸಿ ಕೊಟ್ಟಿದ್ದಳು.

ವಾರದ ನಂತರ, ಎಂಟು ವರ್ಷ ಬರೆದಿಟ್ಟ ನೋಟುಪುಸ್ತಕ ಚೀಲಕ್ಕೆ ಹಾಕಿಕೊಂಡು ಪ್ರದರ್ಶನದವರ ಕಚೇರಿಗೆ ಹೋದಳು. ಒಳಗೆ ಗುಮಾಸ್ತ, "ಹೆಡ್‌ಮಿಸ್ಟ್ರೆಸ್ ಮೇಡಂ ನನಗೂ ಪಾಠ ಹೇಳಿದವರು" ಎಂದು ಯಾರಿಗೋ ಹೆಮ್ಮೆಯಿಂದ ಹೇಳುತ್ತಿದ್ದ. ಇವನ ಮುಂದೆ ಅಕ್ಕನನ್ನು ಕಳ್ಳಿ ಮಾಡುವುದಕ್ಕೆ ನಾಲಿಗೆ ಏಳಲಿಲ್ಲ. ಬಾಗಿಲಿನಿಂದಲೇ ಹಿಂದಿರುಗಿದಳು.

ಮುಂದಿನ ವರ್ಷ ಬೀದಿಯ ಅಂಗಳಗಳಲ್ಲೆಲ್ಲ ನೇರಳೆ ಡೇಲಿಯಾ ಅರಳಿತು. ಜನ ಅದನ್ನು ಮೊಮ್ಮಗಳ ಹೆಸರಿನಿಂದಲೇ ಕರೆದರು.

ಒಂದು ಬೆಳಗ್ಗೆ ಅಕ್ಕ ಮೆಟ್ಟಿಲ ಮೇಲೆ ಸಿಕ್ಕು ಕೇಳಿದಳು, "ಈ ಸಲ ಹೊಸದೇನು ಮಾಡ್ತಿದ್ದೀಯೇ?"

"ಏನೂ ಇಲ್ಲ ಅಕ್ಕ. ಈಗ ಸೊಂಟ ಬಗ್ಗಲ್ಲ."

ಮೇಲೆ ತಾರಸಿಯಲ್ಲಿ ನಲವತ್ತು ಸಸಿಗಳು ನಾಲ್ಕೆಲೆ ಬಿಟ್ಟಿದ್ದವು. ಅಕ್ಕನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ಅವಳಿಗೇ ಸಂಕಟವಾಯಿತು.