ಮುಂಜಾನೆ ಮಾತ್ರ ಬೈಯುವ ರಸ್ತೆ

ಬನಹಟ್ಟಿಯ ಕಾಂಚನಾಳನ್ನು ಎದುರು ಗಾಡಿಯವರು ಬೈಯುತ್ತಿದ್ದದ್ದು ಮುಂಜಾನೆ ಮಾತ್ರ. ಸಂಜೆ ಅದೇ ರಸ್ತೆ, ಅದೇ ಕಾರು, ಅಷ್ಟೇ ಕತ್ತಲೆ. ಒಬ್ಬನೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬೆಳಗಿನ ಐದಕ್ಕೆ ಮನೆ ಬಿಟ್ಟರೆ ಮಹಾಲಿಂಗಪುರ ದಾಟಿ ಮುಧೋಳ ಮುಟ್ಟುವಷ್ಟರಲ್ಲಿ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಡಿಪ್ಪರ್ ಹೊಡೆದು ಹೊಡೆದು ಅವಳ ಜೀವ ತಿನ್ನುತ್ತಿದ್ದವು. ಕೆಲವರಂತೂ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳ ತವರುಮನೆಯವರನ್ನೆಲ್ಲ ನೆನೆಸುತ್ತಿದ್ದರು. ಒಂದು ದಿನ ಹಟಕ್ಕೆ ಬಿದ್ದು ಎಣಿಸಿದಳು. ಮುಂಜಾನೆ ಹದಿನೇಳು ಗಾಡಿ, ಸಂಜೆ ಒಂದೂ ಇಲ್ಲ.

ಬೇರೆಯವರಾಗಿದ್ದರೆ ಮಂದಿಯ ಸ್ವಭಾವವೇ ಇಷ್ಟು ಎಂದು ಸುಮ್ಮನಾಗುತ್ತಿದ್ದರು. ಕಾಂಚನಾಳಿಗೆ ಒಂದು ಪ್ರಶ್ನೆ ತಲೆಗೆ ಹೊಕ್ಕಿತೆಂದರೆ ಅದು ಹೊರಬೀಳುವ ತನಕ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಮನೆಯಲ್ಲಿ ಆರು ಪಾವರ್‌ಲೂಮುಗಳಿದ್ದವು. ಗಂಡ ಪರಮೇಶ ಸೀರೆ ನೇಯಿಸುತ್ತಿದ್ದ. ಸ್ಟೇರಿಂಗ್ ಕಂಡರೆ ಅವನಿಗೆ ಅಂಗೈ ಬೆವರುತ್ತಿತ್ತು. ಹೀಗಾಗಿ ನಲವತ್ತು ದಾಟುವ ಹೊತ್ತಿಗೆ ಇವಳೇ ಕಾರು ಕಲಿತು, ವಾರಕ್ಕೆರಡು ಸಲ ಮುಧೋಳ, ಲೋಕಾಪುರ, ಬೀಳಗಿಯ ಅಂಗಡಿಗಳಿಗೆ ಸೀರೆ ಹಾಕಿ ಬರತೊಡಗಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವ ಮೊದಲೇ ಹೋಗಬೇಕೆಂದು ನಸುಕಿನಲ್ಲೇ ಹೊರಡುತ್ತಿದ್ದಳು. ಆ ಎರಡು ದಿನ ಅವಳು ಯಾರ ಸೊಸೆಯೂ ಅಲ್ಲ. ಯಾವ ಬಣ್ಣ ಓಡುತ್ತದೆ, ಅಂಚಿನ ಯಾವ ದಡಿ ಮಂದಿಗೆ ಸಾಕಾಯಿತು ಎಂದು ಅಂಗಡಿಯವರು ಅವಳನ್ನು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಬದುಕಿನಲ್ಲಿ ಇಷ್ಟು ಸುಖದ ಕೆಲಸ ಇನ್ನೊಂದಿಲ್ಲ ಎನಿಸಿತ್ತು ಅವಳಿಗೆ.

ಬೈಗುಳ ಶುರುವಾದದ್ದು ಹೊಸ ಬಲ್ಬು ಹಾಕಿದ ಮೇಲೆ. ತಿಂಗಳ ಹಿಂದೆ ಎಡಗಡೆಯ ಹೆಡ್‌ಲೈಟು ಹೋಗಿತ್ತು. ಒಂದು ಬಲ್ಬಿಗಾಗಿ ಗ್ಯಾರೇಜಿನ ಮುಂದೆ ಅರ್ಧ ದಿನ ಕೂರುವುದೇಕೆ ಎಂದು ಮೊಬೈಲಿನಲ್ಲಿ ನೋಡಿ ತಾನೇ ಬಾನೆಟ್ ಎತ್ತಿದಳು. ವೈರಿನ ಸಾಕೆಟ್ ಎಳೆದು, ರಬ್ಬರಿನ ಟೋಪಿ ಕಳಚಿ, ತಂತಿಯ ಕ್ಲಿಪ್ಪು ಒತ್ತಿದರೆ ಬಲ್ಬು ಕೈಗೆ ಬರುತ್ತದೆ. ಬದನೆಕಾಯಿ ಹೆಚ್ಚುವುದಕ್ಕಿಂತ ಸುಲಭ. ಆದರೆ ಹೊಸ ಬಲ್ಬು ನಾಲ್ಕನೇ ದಿನಕ್ಕೇ ಸುಟ್ಟುಹೋಯಿತು. ಯಾಕೆ ಎಂದು ಮತ್ತೆ ಹುಡುಕಿದರೆ ತಪ್ಪು ಇವಳ ಬೆರಳಿನದು. ಮಗ್ಗದ ಎಣ್ಣೆಯ ಕೈಯಲ್ಲಿ ಗಾಜು ಹಿಡಿದಿದ್ದಳು. ದೀಪ ಕಾದಾಗ ಎಣ್ಣೆಯಿದ್ದ ಜಾಗ ಇನ್ನಷ್ಟು ಕಾದು ಗಾಜು ಒಡೆದಿತ್ತು. ಮುಂದಿನ ಸಲ ಒಗೆದ ಬಟ್ಟೆಯ ತುಂಡಿನಲ್ಲಿ, ಕೂಸನ್ನು ಎತ್ತಿಕೊಂಡಂತೆ ಹಿಡಿದಳು.

ಹೇಗೂ ಕೈ ಹಾಕಿದ್ದಾಗಿದೆ, ಎರಡೂ ಕಡೆ ಜೋರಾದ ಬೆಳಕಿನವೇ ಇರಲಿ ಎಂದು ಜಮಖಂಡಿಯ ಅಂಗಡಿಗೆ ಹೋದಳು. ಅಂಗಡಿಯವನು ನೂರು ವ್ಯಾಟಿನ ಡಬ್ಬಿ ಮುಂದಿಟ್ಟ.

"ಹೋಲ್ಡರ್ ಕರಗಂಗಿಲ್ಲೇನ್ರಿ ಇದಕ್ಕ?" ಎಂದು ಕೇಳಿದಳು.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಆ ಡಬ್ಬಿ ಒಳಗಿಟ್ಟು ಬೇರೊಂದು ತೆಗೆದ. ಹಳೆಯ ಬಲ್ಬಿನಷ್ಟೇ ವ್ಯಾಟು, ಬೆಳಕು ಮಾತ್ರ ಹೆಚ್ಚು.

ಹಾಕಿದ ಮೇಲೆ ಬೆಳಕಿನ ಎತ್ತರ ಸರಿ ಇದೆಯೇ ಎಂದು ನೋಡಬೇಕಲ್ಲ. ಮೊಬೈಲಿನವರು ಗೋಡೆಗೆ ಟೇಪು ಅಂಟಿಸಿ ಎನ್ನುತ್ತಾರೆ. ಇವಳು ಮಗ್ಗದ ಮನೆಯ ಗೋಡೆಗೆ ಬಿಳಿ ಧೋತರ ಬಿಗಿದು, ಅದರ ಕೆಂಪು ದಡಿ ದೀಪದ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ ಬರುವಂತೆ ಇಳಿಬಿಟ್ಟಳು. ಇಪ್ಪತ್ತೈದು ಅಡಿ ದೂರ ಕಾರು ನಿಲ್ಲಿಸಿ, ದೀಪದ ಹಿಂದಿನ ಸ್ಕ್ರೂ ತಿರುವಿ ತಿರುವಿ, ಡಿಮ್ ಬೆಳಕಿನ ಮೇಲಂಚನ್ನು ದಡಿಯ ಮೇಲೆ ಎಳೆ ಹಿಡಿದು ಕೂಡಿಸಿದಳು. ಇಂಥ ಕೆಲಸ ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದವಳಿಗೆ ಈ ಬೈಗುಳ. ಪರಮೇಶನನ್ನು ಕೇಳಿದರೆ, "ಮುಂಜಾನಿ ಯಾರಿಗೂ ಚಾ ಸಿಕ್ಕಿರಂಗಿಲ್ಲ, ಅದಕ್ಕ ಸಿಟ್ಟು" ಎಂದ. ಅತ್ತೆ ರುಕ್ಮವ್ವ ಮಂಜಿನ ಮೇಲೆ ಹಾಕಿದಳು. ಮಂಜಿಲ್ಲದ ದಿನವೂ ಬೈದರು. ಕಾಂಚನಾ ಬಾನೆಟ್ ಎತ್ತಿ ನೋಡಿದಳು, ಗಾಜು ಒರೆಸಿದಳು, ಮೂರು ಸಲ ಧೋತರ ಕಟ್ಟಿ ಬಿಚ್ಚಿದಳು. ಬೆಳಕು ದಡಿ ಬಿಟ್ಟು ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಹಣೆಗೆ ಪಟ್ಟಿ ಕಟ್ಟಿಕೊಂಡ ಐವತ್ತೈದರ ಮನುಷ್ಯನೊಬ್ಬ ಬಾಗಿಲಿಗೆ ಬಂದ. ಹೆಸರು ಸಾಬಣ್ಣ. ಮುಧೋಳದ ಕಡೆಯ ಹಳ್ಳಿಗಳಲ್ಲಿ ಹಾಲು ತುಂಬಿಕೊಂಡು ಡೇರಿಗೆ ಹಾಕುವ ಗಾಡಿಯ ಡ್ರೈವರ್. ಹಿಂದಿನ ದಿನ ನಸುಕಿನಲ್ಲಿ ಕಾಂಚನಾಳ ಕಾರು ಎದುರಾದಾಗ ಕಣ್ಣಿಗೆ ಏನೂ ಕಾಣದಾಗಿ ಅವನ ಗಾಡಿ ಕಬ್ಬಿನ ಹೊಲಕ್ಕೆ ಇಳಿದಿತ್ತು. ಹಿಂದೆ ಬರುತ್ತಿದ್ದ ಬೈಕಿನವನು ಕಾರಿನ ಹಿಂದಿನ ಗಾಜಿನ ಮೇಲೆ ಬರೆದಿದ್ದ ಮಗ್ಗದ ಮನೆಯ ಹೆಸರು, ಊರು ಓದಿ ಹೇಳಿದ್ದನಂತೆ. ಇದೆಲ್ಲ ಆದದ್ದು ಕಾಂಚನಾಳಿಗೆ ಗೊತ್ತೇ ಇರಲಿಲ್ಲ.

"ಜಗಳಾಡಾಕ ಬಂದಿಲ್ರಿ ಅಕ್ಕಾರ" ಎಂದ ಸಾಬಣ್ಣ. "ಒಂದ ಮಾತು ಕೇಳಬೇಕಿತ್ತು. ಖರೆ ಹೇಳ್ರಿ, ನೀವು ಫುಲ್ ಲೈಟ್ ಇಟ್ಟಿದ್ರಿ, ಹೌದಿಲ್ರಿ?"

"ಇಲ್ರಿ, ಡಿಮ್ ಇತ್ತು. ದೇವರಾಣಿ. ಎದುರಿಗಿ ಗಾಡಿ ಕಂಡ ಕೂಡ್ಲೆ ಡಿಮ್ ಮಾಡ್ತೇನ್ರಿ ನಾ."

ಅವನು ರೇಗಬಹುದು ಎಂದುಕೊಂಡಿದ್ದಳು. ಅವನ ಮುಖ ಇಳಿದುಹೋಯಿತು.

"ಡಿಮ್ ಇತ್ತಂದ್ರ ನಮ್ಮ ಮಾಲಕ್ರು ಹೇಳೂದ ಖರೆ ಆತು ಬಿಡ್ರಿ. ಕಣ್ಣು ಹೋಗ್ಯಾವ ನನ್ನವು. ಬರೂ ವಾರ ಗಾಡಿ ಬ್ಯಾರೆಯವರ ಕೈಯಾಗ ಕೊಡ್ತಾರಂತ." ಚಹಾ ಅರ್ಧ ಕುಡಿದು, ಏನಾದರೂ ನೆನಪಾದರೆ ಹೇಳಿ ಎಂದು ಫೋನ್ ನಂಬರು ಕೊಟ್ಟು ಹೋದ.

ಹೊರಸಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದ ಮಾವ ಕಾಮಣ್ಣ ದನಿ ಎತ್ತರಿಸಲಿಲ್ಲ. "ಮಂದಿ ಹೊಲಕ್ಕ ಬೀಳಾಕತ್ತಾರ ಅಂದ್ರ ಇದು ಆಟ ಅಲ್ಲವ್ವಾ. ಸೋಮವಾರದಿಂದ ರಬಕವಿಯ ಡ್ರೈವರ್ ಬರ್ಲಿ. ನೀ ಮನ್ಯಾಗ ಇರು."

"ಮಾವಾರ, ದೀಪ ಸರಿ ಅದಾವ್ರಿ. ಕಾರಣ ಏನಂತ ನೋಡ್ತೇನಿ."

"ಆಯ್ತಾರ ತನಕ ನೋಡು."

ರವಿವಾರಕ್ಕೆ ಎರಡೇ ದಿನ. ಸಾರಿಗೆ ಉಪ್ಪು ಎರಡು ಸಲ ಬಿತ್ತು, ರೊಟ್ಟಿ ಹೆಂಚಿನ ಮೇಲೆ ಕರಕಾದವು. ಡ್ರೈವರನ ಪಕ್ಕದಲ್ಲಿ ಸೀರೆ ಗಂಟಿನ ಹಾಗೆ ಕೂತು ಹೋಗುವುದನ್ನು ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಸಾಬಣ್ಣನ ಇಳಿದ ಮುಖ ಕಣ್ಣ ಮುಂದಿಂದ ಹೋಗಲೊಲ್ಲದು. ಹದಿನೇಳು ಜನರ ಕಣ್ಣೂ ಮುಂಜಾನೆಯೇ ಕೆಟ್ಟು ಸಂಜೆಗೆ ನೆಟ್ಟಗಾಗುತ್ತವೆಯೇ?

ರವಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಡೆಯ ಸಲವೆಂದು ಧೋತರ ಕಟ್ಟಿದಳು. ಬೆಳಕು ಎಂದಿನಂತೆ ದಡಿಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ಖಟಖಟ ಎನ್ನುವ ಮಗ್ಗಗಳಿಗೆ ಅಂದು ರಜೆ. ನೋಡಲು ಮನೆಯವರೆಲ್ಲ ಅಂಗಳಕ್ಕೆ ಬಂದಿದ್ದರು. ರುಕ್ಮವ್ವನಿಗೆ ಮೊಣಕಾಲು ನೋವು, ಮೈಯೂ ದೊಡ್ಡದು. ನಿಂತು ಸಾಕಾಗಿ, ಕಾರಿನ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಉಸ್ಸೆಂದು ಕುಳಿತಳು.

ಧೋತರದ ಮೇಲೆ ಬೆಳಕು ದಡಿ ಬಿಟ್ಟು ಮೇಲೆ ಸರಿಯಿತು.

ಕಾಂಚನಾ ಕಣ್ಣುಜ್ಜಿಕೊಂಡಳು. "ಅತ್ತೀ, ಸ್ವಲ್ಪ ಏಳ್ರಿ."

"ಈಗರ ಕುಂತೇನಿ, ಯಾಕ ಏಳ್ಲಿ?"

"ಏಳ್ರಿ ಅಂದ್ರ, ಪುಣ್ಯಾ ಬರ್ತೇತಿ."

ಅತ್ತೆ ಗೊಣಗುತ್ತ ಎದ್ದಳು. ಬೆಳಕು ಇಳಿದು ದಡಿಗೆ ಬಂತು. "ಈಗ ಕೂಡ್ರಿ." ಕುಳಿತಳು. ಬೆಳಕು ಏರಿತು. ಮೂರನೇ ಸಲಕ್ಕೆ ರುಕ್ಮವ್ವ, "ನನ್ನನ್ನೇನು ಬ್ಯಾಟ್ರಿ ಅಂತ ತಿಳದೀಯೇನು?" ಎಂದು ಹರಿಹಾಯ್ದಳು. ಕಾಂಚನಾ ಆಗಲೇ ಗಂಡನ ರಟ್ಟೆ ಹಿಡಿದು ಡಿಕ್ಕಿಯ ಅಂಚಿನ ಮೇಲೆ ಕೂರಿಸುತ್ತಿದ್ದಳು. ಬೆಳಕು ಇನ್ನೂ ಮೇಲೆ ಹೋಯಿತು.

"ಸೀರಿ ಗಂಟು ತರ್ರಿ, ಎಲ್ಲಾ ತರ್ರಿ!"

"ದೀಪಾ ಹಚ್ಚಿದ ಮ್ಯಾಲೆ ಸೀರಿ ಹೊಸ್ತಿಲಾ ದಾಟಂಗಿಲ್ಲ" ಎಂದ ಕಾಮಣ್ಣ.

ಆಗ ಅವಳಿಗೆ ಪೂರ್ತಿ ಹೊಳೆಯಿತು. ಈ ಮನೆಯ ಪದ್ಧತಿಯೇ ಅದು. ಸಂಜೆಯ ದೀಪದಿಂದ ಬೆಳಗಿನ ದೀಪದ ತನಕ ನೇಯ್ದ ಬಟ್ಟೆ ಹೊರಗೆ ಹೋಗಕೂಡದು. ಹೊರಡುವ ಮುಂಚೆ ಕಾಮಣ್ಣ ಸ್ನಾನ ಮಾಡಿ, ದೀಪ ಹಚ್ಚಿ, ಮೊದಲ ಗಂಟಿಗೆ ಕುಂಕುಮ ಇಟ್ಟ ಮೇಲೆಯೇ ಕಾರು ತುಂಬುವುದು. ಹಾಗಾಗಿ ಅವಳು ಸಂಜೆ ಧೋತರ ಕಟ್ಟಿ ಅಳೆದಾಗಲೆಲ್ಲ ಕಾರು ಖಾಲಿ. ಮುಂಜಾನೆ ಡಿಕ್ಕಿಯಿಂದ ಹಿಂದಿನ ಸೀಟಿನ ತನಕ ಸೀರೆ ತುಂಬಿದರೆ ಬಾಲ ಕುಸಿದು ಮೂತಿ ಮೇಲಾಗುತ್ತಿತ್ತು; ಡಿಮ್ ಬೆಳಕು ನೇರ ಎದುರಿನವರ ಕಣ್ಣಿಗೆ. ಹಳೆಯ ಮಂಕು ಬಲ್ಬಿದ್ದಾಗಲೂ ಹಾಗೇ ಏರುತ್ತಿತ್ತು, ಯಾರಿಗೂ ತಾಕುತ್ತಿರಲಿಲ್ಲ ಅಷ್ಟೇ. ಸಂಜೆ ಸೀರೆ ಇಳಿಸಿ ಬರುವಾಗ ಬೆಳಕೂ ಇಳಿದಿರುತ್ತಿತ್ತು.

"ಸೀರಿ ಬ್ಯಾಡ, ನೀವ ಕೂಡ್ರಿ ಮಾವಾರ" ಎಂದು ಅವನನ್ನೂ ಅತ್ತೆಯ ಪಕ್ಕ ಕೂರಿಸಿದಳು. ಬೆಳಕು ದಡಿಯಿಂದ ಒಂದು ಗೇಣು ಮೇಲಿತ್ತು. ಕಾಮಣ್ಣ ಮುಂದಿನ ಗಾಜಿನಿಂದ ಅದನ್ನೇ ದಿಟ್ಟಿಸುತ್ತ ಕುಳಿತ.

ಕಾರು ಮಾಡಿದವರಿಗೆ ಇದು ತಿಳಿಯದೇ ಇದ್ದೀತೇ ಎಂದುಕೊಂಡು ಅವಳು ಸ್ಟೇರಿಂಗಿನ ಸುತ್ತಲಿನ ಗುಂಡಿಗಳನ್ನೆಲ್ಲ ತಡಕಿದಳು. ಬಲಗಡೆ, ಮೊಣಕಾಲಿನ ಹತ್ತಿರ, ಸೊನ್ನೆಯಿಂದ ಮೂರರ ತನಕ ಅಂಕಿಯಿದ್ದ ಸಣ್ಣದೊಂದು ಚಕ್ರ. ತಿರುವಿದಳು. ದೀಪದೊಳಗೆ ಗುಂಯ್ ಎಂದಿತು. ಬೆಳಕು ಮೆಲ್ಲಗೆ ಇಳಿಯುತ್ತ, ಮೂರಕ್ಕೆ ಬಂದಾಗ ದಡಿಯ ಮೇಲೆ ಕುಳಿತಿತು. ಕಾಂಚನಾ ಚಪ್ಪಾಳೆ ತಟ್ಟಿ ನಕ್ಕಳು.

ನಗು ಬಹಳ ಹೊತ್ತು ಇರಲಿಲ್ಲ. ಬಲ್ಬಿನದು ತಪ್ಪಲ್ಲ. ಎದುರಿನವರ ಕಣ್ಣಿನದೂ ಅಲ್ಲ. ಖಾಲಿ ಕಾರಿಗೆ ಅಳತೆ ಹಿಡಿದು, ತುಂಬಿದ ಕಾರು ಓಡಿಸಿದವಳು ತಾನು.

ಪರಮೇಶ ಹೆಂಡತಿಯ ಮುಖ ನೋಡಿ ಮೆತ್ತಗೆ ಹೇಳಿದ: "ಬಲ್ಬ್ ಖರಾಬ್ ಇದ್ದುವು, ಬದಲಿ ಮಾಡಿದ್ವಿ ಅಂದ್ರ ಆತು. ಅಪ್ಪಗೂ ಅಷ್ಟ, ಆ ಹಾಲಿನವಗೂ ಅಷ್ಟ. ನಿನ್ನ ಗಾಡಿನೂ ಉಳೀತೇತಿ."

ಆಸೆಯಾಗದೆ ಇರಲಿಲ್ಲ. ಗಂಡ ಪ್ರೀತಿಯಿಂದಲೇ ಹೇಳಿದ್ದ. ಆದರೆ ಬಲ್ಬು ಕೆಟ್ಟಿತ್ತು ಎಂದರೆ ಸಾಬಣ್ಣನ ಮಾಲಕ ನಂಬುತ್ತಾನೆಯೇ? ಬೆಳಕು ಎಷ್ಟು ಏರಿತ್ತು, ಯಾಕೆ ಏರಿತ್ತು ಎಂದು ಬಿಡಿಸಿ ಹೇಳಿದರೆ ಮಾತ್ರ ಅವನ ಕಣ್ಣಿನ ಮೇಲಿನ ಆರೋಪ ಹೋಗುತ್ತದೆ. ಹಾಗೆ ಹೇಳಿದರೆ ಹಿಂದಿನ ಸೀಟಿನಲ್ಲೇ ಕುಳಿತ ಮಾವನ ಕಿವಿಗೂ ಬೀಳುತ್ತದೆ, ಗಾಡಿ ಕೈತಪ್ಪುತ್ತದೆ. ಅವಳು ಫೋನ್ ತೆಗೆದಳು.

"ಸಾಬಣ್ಣಾರ, ಡಿಮ್ ಇತ್ರಿ, ಆದ್ರ ಆ ಡಿಮ್ ನಿಮ್ಮ ಕಣ್ಣಿಗೇ ಹೊಡೀತಿತ್ತು. ಸೀರಿ ತುಂಬಿದ್ರ ಗಾಡಿ ಮೂತಿ ಮ್ಯಾಲೆ ಏಳ್ತೇತಿ, ನಾ ಖಾಲಿ ಗಾಡಿಗಿ ದೀಪಾ ಕೂಡಿಸಿದ್ದೆ. ತಪ್ಪು ನಂದು. ನಿಮ್ಮ ಕಣ್ಣು ಹೋಗಿಲ್ರಿ."

ಸಾಬಣ್ಣ ಒಂದೇ ಉಸಿರಿಗೆ ಕೇಳಿದ: "ಅಕ್ಕಾರ, ಇದನ್ನ ನಮ್ಮ ಮಾಲಕ್ರಿಗಿ ಒಂದ ಸಲ ಹೇಳ್ತೀರೇನ್ರಿ?"

ಮಾಲಕನಿಗೂ ಹೇಳಿದಳು. ಅವನು ಬೈದ, ಕೇಳಿಸಿಕೊಂಡಳು. ಮುಗಿಸಿ ತಿರುಗಿದಾಗ ಕಾಮಣ್ಣ ಕಾರಿನಿಂದ ಇಳಿದು ಧೋತರದ ಮುಂದೆ ನಿಂತಿದ್ದ. ದಡಿಯ ಮೇಲಿಂದ ಬೆಳಕು ಏರಿದ್ದ ಜಾಗದ ತನಕ ಗೇಣು ಇಟ್ಟು ಅಳೆಯುತ್ತಿದ್ದ.

"ಪರಮೇಶಾ, ರಬಕವಿಯಾಂವಗ ಬರಬ್ಯಾಡ ಅಂತ ಹೇಳು."

"ಯಾಕಪಾ?"

"ಎಳಿ ಎಲ್ಲಿ ತಪ್ಪೇತಿ ಅಂತ ತಾನ ಹುಡುಕಿ, ತಾನ ಬಾಯಿಬಿಟ್ಟು ಹೇಳಾಕಿ ಮನ್ಯಾಗ ಅದಾಳ. ಇವಳ್ನ ಎಬ್ಬಿಸಿ, ಏನೂ ಗೊತ್ತಿಲ್ಲದಾಂವನ್ನ ಕೂಡಸೂಣೇನು?" ಸೊಸೆಯ ಕಡೆ ನೋಡದೆ ಒಳಗೆ ಹೋದ. ಕಾಂಚನಾ ಧೋತರ ಬಿಚ್ಚುವ ನೆಪದಲ್ಲಿ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ಸೋಮವಾರ ಐದಕ್ಕೆ, ಮೊದಲ ಗಂಟಿಗೆ ಕುಂಕುಮ ಬಿದ್ದ ಮೇಲೆ, ಕಾರು ತುಂಬಿ ಚಕ್ರ ಮೂರಕ್ಕಿಟ್ಟು ಹೊರಟಳು. ಒಂದು ಬಸ್ಸು ಹೋಯಿತು, ಬೈಯಲಿಲ್ಲ. ಎರಡು ಟ್ರ್ಯಾಕ್ಟರು ಹೋದವು. ಮಹಾಲಿಂಗಪುರದ ಆಚೆ, ಕಬ್ಬು ರಸ್ತೆಗೆ ಬಾಗಿದ ಕಡೆ, ಹಾಲಿನ ಗಾಡಿ ಎದುರು ಬಂತು. ಅವಳು ಡಿಮ್ ಮಾಡಿದಳು. ಎದುರಿನ ದೀಪವೂ ಡಿಮ್ ಆಯಿತು. ಡಿಪ್ಪರ್ ಇಲ್ಲ, ಹಾರ್ನ್ ಇಲ್ಲ. ಪಕ್ಕದಲ್ಲಿ ಹಾಯುವಾಗ ಹಣೆಯ ಪಟ್ಟಿ ಬೆಳ್ಳಗೆ ಕಂಡಿತು. ಸಾಬಣ್ಣ ಇತ್ತ ತಿರುಗಲೂ ಇಲ್ಲ, ಎಂದಿನ ಯಾವುದೋ ಗಾಡಿ ಹೋಯಿತೆಂಬಂತೆ ನೆಟ್ಟಗೆ ರಸ್ತೆ ನೋಡಿಕೊಂಡು, ತನ್ನ ಗಾಡಿಯನ್ನು ತಾನೇ ಓಡಿಸಿಕೊಂಡು ಹೋದ.