ಜವರಯ್ಯನ ಕಾಲು

ಮೆಕ್ಯಾನಿಕ್ ಶಿವಸ್ವಾಮಿ ಮೂವತ್ತು ವರ್ಷದಲ್ಲಿ ಯಾವ ಗಾಡಿಯನ್ನೂ ಮೀಟರು ಹಚ್ಚಿ ನೋಡಿದವನಲ್ಲ. ತಾಂಡ್ಯದ ರಸ್ತೆಯಲ್ಲಿರುವ ಅವನ ಗ್ಯಾರೇಜಿಗೆ ಗಾಡಿ ಬಂದು ನಿಲ್ಲುವ ಮೊದಲೇ, ಸದ್ದು ಕೇಳಿ ರೋಗ ಹೇಳುತ್ತಾನೆ ಎಂದು ನಂಜನಗೂಡಿನಲ್ಲಿ ಹೆಸರಿತ್ತು. ಆ ಹೆಸರನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಅವನೇ.

ಹಾಗಾಗಿ ಆವತ್ತು ಕಳಲೆಯಿಂದ ರುದ್ರಾಣಮ್ಮನವರ ಫೋನು ಬಂದಾಗ, ಒಂದು ಜಾಕು, ಎರಡು ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿದ. ರುದ್ರಾಣಮ್ಮ ಮದುವೆಗಳಿಗೆ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವವರು. ಅವರ ಮಾವನ ಕಾಲದ ಪೆಟ್ರೋಲ್ ಲಾರಿ ಕಳಲೆಯ ತಿರುವಿನಲ್ಲಿ ಬೆಟ್ಟಸ್ವಾಮಿ ಎಂಬುವವರ ಮನೆಯ ಜಗಲಿಗೆ ನುಗ್ಗಿ ನಿಂತಿತ್ತು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅವರ ತಾಯಿ ನೀರು ಕುಡಿಯಲು ಎದ್ದು ಒಳಗೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲವಂತೆ.

ಡ್ರೈವರ್ ಜವರಯ್ಯ ಬಾನೆಟ್ಟಿಗೆ ಕೈಯೂರಿ ನಿಂತಿದ್ದ. ಅರವತ್ತು ದಾಟಿದವನು. ಇಪ್ಪತ್ತೆರಡು ವರ್ಷದಿಂದ ದಿನಾ ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಈ ಲಾರಿ ಓಡಿಸುತ್ತಿದ್ದ. ಕುಡಿದಿದ್ದಾನೆಯೇ ಎಂದು ಯಾರೋ ಅವನ ಬಾಯಿ ಮೂಸಿ ನೋಡಿಯೂ ಆಗಿತ್ತು.

"ಪೆಡಲ್ಲು ಕಲ್ಲಾಗೋಗಿತ್ತು ಕಣ್ ಮೇಸ್ತ್ರಿ" ಎಂದ ಜವರಯ್ಯ. "ಎಲ್ಡು ಕಾಲಲ್ಲಿ ಒತ್ತಿದ್ರೂ ಇಳೀನಿಲ್ಲ. ಒಂದು ತಿಂಗ್ಳಿಂದ ಗಾಡಿ ಎಳೀತಾನೂ ಇಲ್ಲ. ನಿಮ್ಗೂ ಯೇಳಿದ್ನಲ್ಲ."

ಹೇಳಿದ್ದ. ಹಳೇ ಗಾಡಿ ಅಷ್ಟೇ ಎಳೆಯೋದು ಎಂದು ಶಿವಸ್ವಾಮಿ ನಕ್ಕು ಕಳಿಸಿದ್ದ. ಈಗ ಚಕ್ರ ಬಿಚ್ಚಿ ನೋಡಿದ. ಬ್ರೇಕಿನ ಲೈನರು ಸವೆದಿರಲಿಲ್ಲ. ಬ್ರೇಕ್ ಆಯಿಲ್ ತುಂಬಿತ್ತು. ಸುತ್ತ ಊರಿಗೆ ಊರೇ ಕಾಯುತ್ತಿತ್ತು. ಎದ್ದು ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ:

"ಬ್ರೇಕಲ್ಲಿ ಏನೂ ತೊಂದ್ರೆ ಇಲ್ಲ ಕಣ್ರವ್ವಾ. ತೊಂದ್ರೆ ಇರೋದು ಕಾಲಲ್ಲಿ. ವಯಸ್ಸಾಯ್ತಲ್ಲ."

ಗುಂಪಿನಲ್ಲಿ ನಗು ಎದ್ದಿತು. ಜವರಯ್ಯ ನಗಲಿಲ್ಲ, ಜಗಳಕ್ಕೂ ಬರಲಿಲ್ಲ. ಕೀಲಿಕೈಯನ್ನು ರುದ್ರಾಣಮ್ಮನ ಕೈಗೆ ಕೊಟ್ಟು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ಮಾರನೆಯ ದಿನದಿಂದ ಅವನು ಬರಬೇಕಿಲ್ಲ ಎಂದು ಅವರೂ ಫೋನು ಮಾಡಿಸಿದರು.

ಹೊಸ ಡ್ರೈವರ್ ಮದನ್ ಇಪ್ಪತ್ತೈದರ ಹುಡುಗ. ಎರಡನೇ ವಾರಕ್ಕೆ ಅವನೂ ಗ್ಯಾರೇಜಿಗೆ ಬಂದ. "ಅಣ್ಣಾ, ದಿಬ್ಬದಲ್ಲಿ ಫಸ್ಟ್ ಗೇರಿಗೂ ಏದುಸಿರು ಬಿಡ್ತದೆ. ಪೆಟ್ರೋಲು ನೀರು ಕುಡ್ದಂಗೆ ಕುಡೀತದೆ." ಶಿವಸ್ವಾಮಿ ಪ್ಲಗ್ಗು ಬದಲಿಸಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ. ಏರ್ ಫಿಲ್ಟರ್ ಹೊಸದು ಹಾಕಿದ. ಲಾರಿ ಹಾಗೇ ಇತ್ತು.

ಆ ಭಾನುವಾರ ಮಗಳು ಪಲ್ಲವಿ ಗ್ಯಾರೇಜಿಗೆ ಬಂದಳು. ಆಟೊಮೊಬೈಲ್ ಡಿಪ್ಲೊಮಾ ಮಾಡಿ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಬ್ಯಾಗಿನಿಂದ ಗಡಿಯಾರದಂಥ ಮೀಟರು ತೆಗೆದು, ಅದರ ಪೈಪನ್ನು ಇಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿಗೆ ಸಿಕ್ಕಿಸಿದಳು.

"ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೀತದೆ ಅಂತ ಇದು ತೋರಿಸ್ತದೆ ಅಪ್ಪ. ಹದಿನೆಂಟರ ಹತ್ರ ಇರ್ಬೇಕು."

ಸೂಜಿ ಹತ್ತಕ್ಕೆ ಬಂದು ನಿಂತಿತು.

"ನಡುಗ್ತಿಲ್ಲ ನೋಡು. ವಾಲ್ವ್ ಕೆಟ್ಟಿದ್ರೆ ಕುಣೀತಿತ್ತು. ಒಂದೋ ಪ್ಲಗ್ಗು ಕಿಡಿ ಹಾರಿಸೋ ಟೈಮಿಂಗ್ ಹಿಂದಾಗ್ಯದೆ, ಇಲ್ಲಾ ಎಲ್ಲೋ ಕಳ್ಳಗಾಳಿ ನುಗ್ತಾ ಅದೆ."

ಟೈಮಿಂಗ್ ಸರಿಯಾಗಿತ್ತು. ಪಲ್ಲವಿ ಎಣ್ಣೆಡಬ್ಬಿಗೆ ನೀರು ತುಂಬಿ, ಮ್ಯಾನಿಫೋಲ್ಡ್ ಇಂಜಿನ್ನಿಗೆ ಕೂಡುವ ಅಂಚಿನುದ್ದಕ್ಕೂ ತೊಟ್ಟು ತೊಟ್ಟಾಗಿ ಬಿಡುತ್ತಾ ಹೋದಳು. ಹಿಂದಿನ ಮೂಲೆಗೆ ಬಂದಾಗ ನೀರು ಸುರ್ರೆಂದು ಒಳಗೆ ಹೋಯಿತು. ಇಂಜಿನ್ನಿನ ಸದ್ದು ಬದಲಾಯಿತು, ಸೂಜಿ ಮೇಲಕ್ಕೆ ನೆಗೆಯಿತು.

ಬಿಚ್ಚಿದರು. ಗಾಳಿ ಸೋರದಂತೆ ಸಂದಿಗೆ ಹಾಕುವ ಪ್ಯಾಕಿಂಗ್ ಒಂದು ಕಡೆ ಮಡಿಚಿಕೊಂಡು, ಹರಿದು ಕೂತಿತ್ತು. ಕಂಪನಿಯದಲ್ಲ. ಶೀಟನ್ನು ಇಂಜಿನ್ನಿನ ಅಂಚಿಗೇ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕತ್ತರಿಸಿದ್ದು.

"ಯಾರಪ್ಪ ಇದನ್ನ ಹಾಕ್ದೋರು?"

"ಯಾರೋ ಏನೋ. ಹಳೇ ಗಾಡಿ" ಎಂದ ಶಿವಸ್ವಾಮಿ. ಅಂದ ಮರುಕ್ಷಣ ಅವನ ಕಿವಿ ಬಿಸಿಯಾಯಿತು. ಮದುವೆ ಸೀಸನ್ನಿನಲ್ಲಿ ಮೈಸೂರಿಂದ ಒರಿಜಿನಲ್ ಬರಲು ಎರಡು ದಿನ ಬೇಕೆಂದು, ಇದೇ ಕೈಯಲ್ಲಿ ತಟ್ಟಿ ಹಾಕಿದ್ದ. ಮಿಕ್ಕ ಶೀಟು ಅವಳ ಬೆನ್ನ ಹಿಂದಿನ ಗೋಡೆಯಲ್ಲಿ, ಅದೇ ಆಕಾರದ ತೂತಿನೊಂದಿಗೆ, ನೇತಾಡುತ್ತಿತ್ತು. ಪಲ್ಲವಿ ಒಮ್ಮೆ ಅತ್ತ ನೋಡಿದಳು. ಹರಿದ ಪ್ಯಾಕಿಂಗನ್ನು ಬೆಂಚಿನ ಮೇಲಿಟ್ಟಳು.

ಮಂಗಳವಾರ ಸಂಜೆ, ಮೈಸೂರಿಂದ ತರಿಸಿದ ಒರಿಜಿನಲ್ ಪ್ಯಾಕಿಂಗ್ ಹಾಕಿದ ಮೇಲೆ ಸೂಜಿ ಹದಿನೆಂಟಕ್ಕೆ ಏರಿತು. ಅವಳು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದಳು. ಹಳೇ ಗಾಡಿಯ ಬ್ರೇಕೇ ಹೀಗೆಂದು ಮದನ್ ಬಲವಾಗಿ ಒತ್ತಿಕೊಂಡು ಓಡಿಸಿದ್ದ, ಭಾನುವಾರ ಅವಳ ಕಾಲಿಗೂ ಗಟ್ಟಿಯಾಗಿದ್ದ ಪೆಡಲು ಈಗ ಮೆತ್ತಗೆ ಇಳಿಯಿತು. ಇಂಜಿನ್ನಿನ ಆ ಎಳೆತವೇ ಈ ಲಾರಿಯಲ್ಲಿ ಪೆಡಲನ್ನು ಹಗುರ ಮಾಡುತ್ತಿದ್ದದ್ದು; ಅದು ಕುಗ್ಗಿದ್ದರಿಂದಲೇ ಪೆಡಲು ಕಲ್ಲಾಗಿತ್ತು.

"ಅಪ್ಪ, ಕಳಲೇಲಿ ಜವರಯ್ಯಣ್ಣ..."

"ಗೊತ್ತಾಯ್ತು ಬುಡವ್ವ" ಎಂದ ಶಿವಸ್ವಾಮಿ. "ಪ್ಯಾಕಿಂಗ್ ಹಾಕ್ದೋನು ನಾನೇ." ಮಗಳ ಮುಖ ನೋಡಲಾಗದೆ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ.

ಮರುದಿನ ಬೆಳಗ್ಗೆ ನರಸೀಪುರದ ಬಸ್ಸು ಹತ್ತಿದ. ಜವರಯ್ಯನ ಹೆಂಡತಿ ರಾಮಮ್ಮ ಬಾಗಿಲಲ್ಲೇ ದನಿ ತಗ್ಗಿಸಿದಳು. "ಒಳಗವ್ರೆ. ಮೊಮ್ಮಗನ್ ಸ್ಕೂಟ್ರನ್ನೂ ಮುಟ್ತಿಲ್ಲ ಕಣಪ್ಪ. ದಿನಾ ಗೋಡೆಗೆ ಕಾಲು ಕೊಟ್ಟು ಒತ್ತಿ ಒತ್ತಿ ನೋಡ್ಕತಾರೆ, ಬಲ ಅದಾ ಇಲ್ವಾ ಅಂತ."

ಗೋಡೆಯ ಸುಣ್ಣದ ಮೇಲೆ ಬಲಗಾಲಿನ ಅಂಗಾಲಿನಷ್ಟು ಜಾಗ ಕಪ್ಪಾಗಿತ್ತು. ಶಿವಸ್ವಾಮಿಗೆ ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ: ಶೀಟು, ಸುತ್ತಿಗೆ, ಸೂಜಿ, ಮಗಳಿಗೆ ಹೇಳಿದ ಸುಳ್ಳು.

ಜವರಯ್ಯ ಬಗ್ಗಿ ತನ್ನ ಪಾದವನ್ನು ನೋಡಿಕೊಂಡ.

"ಅಂಗಾರೆ ನನ್ ಕಾಲು ಸರ್ಯಾಗೇ ಅದಾ?"

"ಅದೆ ಕಣಣ್ಣ. ತಪ್ಪು ನಂದು."

"ನಾನೂ ನಂಬ್ಬುಟ್ಟಿದ್ದೆ ಕಣ್ ಮೇಸ್ತ್ರಿ. ಆ ಮುದ್ಕಿ ಕೂತಿದ್ದಿದ್ರೆ ಕೊಂದೇಬುಡ್ತಿದ್ದೆ ಅಂತ ನಿದ್ದೇನೇ ಇಲ್ಲ ನಂಗೆ." ತಲೆಯೆತ್ತಿ, "ಅವತ್ತು ಊರ್ ಮುಂದೆ ಅಂದ್ರಿ. ಇವತ್ತು ನಾಕು ಗೋಡೆ ಒಳಗೆ ಯೇಳ್ತಾ ಇದೀರಿ" ಎಂದ.

ಮಾರನೆಯ ದಿನ, ಗುರುವಾರ, ಶಿವಸ್ವಾಮಿ ರುದ್ರಾಣಮ್ಮನನ್ನೂ ಜವರಯ್ಯನನ್ನೂ ಕಳಲೆಗೆ ಕರೆಸಿ, ಮದನ್ ಕೈಯಲ್ಲಿ ಲಾರಿಯನ್ನೂ ತರಿಸಿದ. ಹೊಸದಾಗಿ ಸಿಮೆಂಟು ಮೆತ್ತಿದ ಜಗಲಿಯ ಮುಂದೆ ನಿಂತು, ಬೆಟ್ಟಸ್ವಾಮಿಗೆ, ಅವರ ತಾಯಿಗೆ, ನೆರೆದ ಹತ್ತಾರು ಜನಕ್ಕೆ ನಡೆದದ್ದನ್ನು ಹೇಳಿದ. ಕಿವಿ ಸರಿಯಾಗಿ ಕೇಳದ ಆ ಅಜ್ಜಿ "ಏನಂತೆ?" ಎಂದು ಕೇಳಿದ್ದರಿಂದ, "ತಪ್ಪು ನಂದು ಕಣವ್ವಾ" ಎಂದು ಕೂಗಿ ಹೇಳಬೇಕಾಯಿತು. ಹಿಂದಿನಿಂದ ಯಾರೋ ನಕ್ಕರು.

ರುದ್ರಾಣಮ್ಮ ಲಾರಿಯ ಕೀಲಿಕೈಯನ್ನು ಜವರಯ್ಯನ ಕಡೆ ಚಾಚಿದರು. ಮದನ್‌ಗೆ ಅವರದೇ ಒಂದು ಟೆಂಪೊ ಓಡಿಸುವ ಕೆಲಸ ಸಿಕ್ಕಿತು.

ಹಿಂದಿರುಗುವಾಗ ಶಿವಸ್ವಾಮಿ ಲಾರಿಯಲ್ಲೇ ಕೂತ. ಗ್ಯಾರೇಜಿನ ಮುಂದೆ ನಿಲ್ಲಿಸಿದ ಜವರಯ್ಯ ಇಂಜಿನ್ ಆರಿಸಲಿಲ್ಲ.

"ಇನ್ಮೇಲೆ ಗಾಡಿ ಕೆಲ್ಸ ನರಸೀಪುರದಲ್ಲೇ ಮಾಡುಸ್ತೀನಿ ಅಂತ ಅಮ್ಮೋರ್ಗೆ ಯೇಳಿದೀನಿ. ಬೇಜಾರ್ ಮಾಡ್ಕಬ್ಯಾಡಿ."

"ಇಲ್ಲ ಕಣಣ್ಣ" ಎಂದು ಶಿವಸ್ವಾಮಿ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿದ.